ಎದುರು ಮನೆಯ ಹೋತದ ಸೈಲೆನ್ಸರ್

ನಮ್ಮ ಮಾವ ಡಾನ್ ಫೆರ್ಮಿನ್ ಫೋರ್ಡ್ ಪಕ್ಷದವರು. ನಮ್ಮೂರು ಲಾಸ್ ಸೌಸೆಸ್‌ನಲ್ಲಿ ಇದು ರಾಜಕೀಯಕ್ಕಿಂತ ಗಂಭೀರವಾದ ವಿಷಯ. ಸರ್ಕಾರ ಬದಲಾದರೆ ಜನ ಪಕ್ಷ ಬದಲಾಯಿಸುತ್ತಾರೆ, ಮದುವೆಯಾದರೆ ಊರು ಬದಲಾಯಿಸುತ್ತಾರೆ. ಆದರೆ ರೇಸಿನ ದಿನ ಯಾರ ಗಾಡಿಗೆ ಗಂಟಲು ಹರಿದುಕೊಳ್ಳಬೇಕು ಅನ್ನುವುದು ಮೂಗು, ಕಿವಿಗಳ ಹಾಗೆ ಅಪ್ಪನಿಂದ ಬರುತ್ತದೆ. ಒಂದು ಕಡೆ ಫೋರ್ಡ್‌ನವರು. ಅವರ ಗಾಡಿಯ ಮೂತಿಯ ಮೇಲಿನ ಗುರುತು ಮೊಟ್ಟೆಯಾಕಾರದಲ್ಲಿರುವುದರಿಂದ ಎದುರಾಳಿಗಳ ಬಾಯಲ್ಲಿ ಅವರು ‘ಮೊಟ್ಟೆ’ಗಳು. ಇನ್ನೊಂದು ಕಡೆ ಶೆವ್ರೊಲೆಯವರು. ಅವರ ಗಾಡಿಗೆ ದೇಶವೆಲ್ಲ ‘ಹೋತ’ ಅನ್ನುತ್ತದೆ, ಅವರೂ ಹೆಮ್ಮೆಯಿಂದಲೇ ಅನ್ನುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ ಅತ್ತೆ ಕೇಳಿದ ಮೊದಲ ಪ್ರಶ್ನೆ ಅಡುಗೆಯದಲ್ಲ, “ನಿಮ್ಮಪ್ಪ ಯಾವ ಕಡೆ?” ಅಂತ. ನಮ್ಮಪ್ಪನಿಗೆ ಸೈಕಲ್ ಕೂಡ ಇರಲಿಲ್ಲ. ಅದನ್ನು ಹೇಳಿದ ಮೇಲೆ ನನಗೆ ಕೂರಲು ಕುರ್ಚಿ ಸಿಕ್ಕಿತು.

ಮಾವನದು ಸೈಲೆನ್ಸರ್ ಅಂಗಡಿ. ಈಗ ಅದನ್ನು ನಡೆಸುವವಳು ನಾನು. ಗಂಡ ಲಾರಿ ಹತ್ತಿ ದಕ್ಷಿಣಕ್ಕೆ ಹೋದರೆ ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಮಾವನಿಗೆ ಮಂಡಿ ಹಿಡಿದುಕೊಂಡಿದೆ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಮಾಟೆ ಸೊಪ್ಪಿನ ಕಷಾಯವನ್ನು ಕೊಳವೆಯಲ್ಲಿ ಹೀರುತ್ತ, ನಾನು ಬೆಸೆದದ್ದರಲ್ಲೆಲ್ಲ ಕೊಂಕು ಹುಡುಕುವುದು ಅವರ ಕೆಲಸ. ಅಂಗಡಿಯಲ್ಲಿ ಅವರದು ಒಂದೇ ಕಟ್ಟಳೆ: ಹೋತ ನಮ್ಮ ಹೊಸಿಲು ದಾಟಬಾರದು. ಆ ಗಾಡಿಯವರು ಸೈಲೆನ್ಸರ್ ಹೋದರೆ ಪಕ್ಕದ ಊರಿಗೆ ಡಬಡಬ ಅನ್ನುತ್ತ ಹೋಗಬೇಕು. ಇದು ಹುಚ್ಚು ಅಂತ ನಾನು ಎಷ್ಟೋ ಸಲ ಅವರ ಮುಖಕ್ಕೇ ಹೇಳಿದ್ದೇನೆ. ಅವರಿಗೆ ನನ್ನ ಮಾತು ಕೋಣನ ಮುಂದೆ ಕಿನ್ನರಿ.

ವಿಧಿ ನೋಡಿ, ನಮ್ಮ ಎದುರು ಮನೆಯೇ ಹೋತದವರ ಮನೆ. ತೆಯೋಫಿಲೊ ಮತ್ತು ನಮ್ಮ ಮಾವ ಶಾಲೆಯಲ್ಲಿ ಒಂದೇ ಬೆಂಚಿನವರು. ಆಮೇಲೆ ಆಯುಷ್ಯವೆಲ್ಲ ಬೀದಿಯ ಆಚೆ ಈಚೆ ನಿಂತು ಬೈದಾಡಿದವರು. ಒಬ್ಬರು ಇನ್ನೊಬ್ಬರ ಮೆಟ್ಟಿಲು ತುಳಿದವರಲ್ಲ. ಮೂರು ಚಳಿಗಾಲದ ಹಿಂದೆ ತೆಯೋಫಿಲೊ ತೀರಿಕೊಂಡ. ಮಾವ ಹೂವಿನ ದೊಡ್ಡ ಹಾರ ಕಳಿಸಿದರು, ತಾವು ಹೋಗಲಿಲ್ಲ. ಹೆಣದ ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಅರ್ಧ ಎಳೆದ ಶಟರಿನ ಹಿಂದೆ ನಿಂತು ನೋಡಿದರು. ನಾನು ಕಂಡೂ ಕಾಣದ ಹಾಗೆ ಇದ್ದೆ.

ತೆಯೋಫಿಲೊನ ಮೊಮ್ಮಗಳು ಯಾನಿನಾ ಧಾನ್ಯದ ಗೋದಾಮಿನಲ್ಲಿ ಲಾರಿ ತೂಕ ಹಾಕುವ ಹುಡುಗಿ. ಭಾನುವಾರ ಬಂತೆಂದರೆ ತಾತನ ಎರಡು ಬಾಗಿಲಿನ ಬಿಳಿ ರೇಸು ಕಾರು ಅವಳದು. ನಮ್ಮ ಸೀಮೆಯ ರೇಸಿನಲ್ಲಿ ಹೊಸಬರಿಗೆ ಒಂದು ನಿಯಮ ಇದೆ. ಒಂದೇ ವರ್ಷದಲ್ಲಿ ಮೂರು ರೇಸು ಕೊನೆ ಮುಟ್ಟಿಸಿದರೆ ಪೂರ್ತಿ ಲೈಸೆನ್ಸು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಅವಳು ಎರಡು ಮುಗಿಸಿದ್ದಳು. ಮೂರನೆಯದು, ವರ್ಷದ ಕಡೆಯದು, ನಮ್ಮ ಕಡೆ ಬೇಸಿಗೆಯಾಗಿರುವ ಆ ಡಿಸೆಂಬರಿನ ಭಾನುವಾರ ನಮ್ಮೂರ ಟ್ರ್ಯಾಕಿನಲ್ಲೇ ಇತ್ತು. ಹೊಸ ವರ್ಷಕ್ಕೆ ಅವಳ ಅಣ್ಣ ಪರವೂರಿಂದ ಮರಳುತ್ತಾನೆ, ಅಲ್ಲಿಂದ ಕಾರು ಅವನ ಪಾಲು. ತಾತ ಸಾಯುವಾಗ ಹಾಗೇ ಹೇಳಿ ಹೋಗಿದ್ದ, ಗಂಡು ಮಕ್ಕಳಿಗೇ ಗಾಡಿ ಅನ್ನುವ ಕಾಲದ ಮನುಷ್ಯ. ಲೈಸೆನ್ಸು ಕೈಯಲ್ಲಿದ್ದರೆ ಯಾರ ಗಾಡಿಯನ್ನಾದರೂ ಕೇಳಿ ಓಡಿಸಬಹುದು. ಗಾಡಿಯೂ ಇಲ್ಲ, ಲೈಸೆನ್ಸೂ ಇಲ್ಲ ಅಂದರೆ ಗೋದಾಮಿನ ತಕ್ಕಡಿಯೇ ಗತಿ.

ಗುರುವಾರ ಅವಳು ಕಾರನ್ನು ಮಣ್ಣು ರಸ್ತೆಯಲ್ಲಿ ಓಡಿಸಿ ನೋಡಿ ಹಿಂತಿರುಗುತ್ತಿದ್ದಳಂತೆ. ಹೊಲದ ಗೇಟಿನಲ್ಲಿ ದನ ದಾಟದಿರಲಿ ಅಂತ ನೆಲಕ್ಕೆ ಹಾಸಿದ ಕಬ್ಬಿಣದ ಹಳಿಗಳಲ್ಲಿ ಒಂದು ಮೇಲೆದ್ದಿತ್ತು. ಅದು ಕಾರಿನ ಹೊಟ್ಟೆಗೆ ತಗುಲಿ ಸೈಲೆನ್ಸರ್ ಪೈಪನ್ನು ನಡುವೆ ಸೀಳಿ, ಜಜ್ಜಿ, ಹರಿದು ಹಾಕಿತು. ಆ ಪೈಪು ಹೊಗೆಯನ್ನು ಕಾರಿನ ಬಾಗಿಲು ದಾಟಿಸಿ ಹಿಂದಕ್ಕೆ ಒಯ್ದು ಬಿಡದಿದ್ದರೆ ರೇಸಿಗೆ ಬಿಡುವುದಿಲ್ಲ. ಹೊಸದು ರಾಜಧಾನಿಯಿಂದ ಬರಬೇಕೆಂದರೆ ಮಂಗಳವಾರದ ಬಸ್ಸೇ ಗತಿ.

ಮುರಿದ ಪೈಪು ಹಿಡಿದು ಯಾನಿನಾ ನಮ್ಮ ಬಾಗಿಲಿಗೆ ಬಂದಳು. ಹೊಸಿಲಾಚೆಯೇ ನಿಂತಳು.

“ಒಳಗೆ ಬಾರೆ, ಯಾಕೆ ಬಿಸಿಲಲ್ಲಿ ನಿಂತಿದ್ದೀಯ?” ಎಂದೆ.

“ಕೈಯಲ್ಲಿರೋದು ಹೋತದ ಪೈಪು, ಓಫೆಲಿಯಕ್ಕ. ಒಳಗೆ ತರಬಹುದೋ ಇಲ್ವೋ.”

ಮಾವ ಸೂರು ನೋಡುತ್ತ, “ಬಾಗಿಲಲ್ಲಿ ಯಾರೋ ಇದ್ದ ಹಾಗಿದೆ ಓಫೆ. ಏನೋ ಹೋತದ ವಾಸನೆ,” ಎಂದರು.

“ಮೂಗು ಮುಚ್ಕೊಳ್ಳಿ ಮಾವ. ಹುಡುಗಿ ಅಳ್ತಾ ಇದ್ದಾಳೆ.”

“ನಾನೇನ್ ಅಳ್ತಾ ಇಲ್ಲ,” ಎಂದಳು ಯಾನಿನಾ, ಅಳುತ್ತ.

ನಮ್ಮಲ್ಲಿ ಪೈಪು ಬಗ್ಗಿಸುವ ಯಂತ್ರ ಇದೆ, ಆದರೆ ಅದು ಊರ ಪಿಕಪ್ಪು ಗಾಡಿಗಳಿಗೆ ಸಾಕು ಅಷ್ಟೆ. ಇಷ್ಟು ಅಗಲದ ತೆಳು ಪೈಪನ್ನು ಅದಕ್ಕೆ ಕೊಟ್ಟರೆ ತಿರುವಿನಲ್ಲಿ ಚಪ್ಪಟೆ ಮಾಡಿ ಇಡುತ್ತದೆ, ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಇದಕ್ಕೆ ಹಳೆಯ ಕ್ರಮವೇ ಬೇಕು. ಪೈಪಿಗೆ ಒಣಮರಳು ತುಂಬಿ, ಎರಡೂ ಬಾಯಿಗೆ ಮರದ ಬಿರಡೆ ಬಡಿದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಕೈಯಲ್ಲಿ ಬಗ್ಗಿಸಬೇಕು. ಆ ಕೈ ನಮ್ಮೂರು, ಪಕ್ಕದೂರು ಸೇರಿ ಇದ್ದದ್ದು ಒಂದೇ, ಅದು ಸ್ಟೂಲಿನ ಮೇಲೆ ಕೂತು ಸೂರು ನೋಡುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. “ಮಾವ, ತೆಯೋಫಿಲೊ ಮಾವ ಸತ್ತು ಮಣ್ಣಾದ್ರು. ಇನ್ನು ಯಾರ ಮೇಲೆ ನಿಮ್ಮ ಹಠ? ಈ ಮಗು ಮೇಲಾ?”

“ಹಠ ಅಲ್ಲ ಕಣಮ್ಮ, ನೇಮ.”

“ನಿಮ್ಮ ನೇಮಕ್ಕೆ ಬೆಂಕಿ ಬಿತ್ತು. ನಾಳೆ ಫೋರ್ಡ್ ಸಂಘದವರು ಮಾಂಸ ಸುಡೋಕೆ ಬರ್ತಾರಲ್ಲ, ಸೌದೆ ನೀವೇ ಒಡ್ಕೊಳ್ಳಿ, ಉಪ್ಪು ನೀವೇ ಹಾಕ್ಕೊಳ್ಳಿ. ನಾನು ತವರಿಗೆ ಹೋಗ್ತೀನಿ.”

ತವರಲ್ಲಿ ನನಗೆ ಯಾರೂ ಇಲ್ಲ, ಅದು ಅವರಿಗೂ ಗೊತ್ತು. ಆದರೂ ಬಹಳ ಹೊತ್ತು ಮಾಟೆ ಹೀರಿ, ನೀರು ಮುಗಿದು ಗೊರಗೊರ ಸದ್ದು ಬಂದ ಮೇಲೆ ಹೇಳಿದರು: “ಪೈಪಿಗೆ ಹಣೆ ಮೇಲೆ ಗುರುತೇನೂ ಇರಲ್ಲ. ಅದು ಒಳಗೆ ಬರಲಿ. ಗಾಡಿ ಬರಕೂಡ್ದು. ನಾನೂ ಆಚೆ ಹೋಗಲ್ಲ.”

ಅಷ್ಟಾದರೂ ಸಿಕ್ಕಿತಲ್ಲ ಅಂತ ನಾನು ಗಟ್ಟಿ ತಂತಿಯೊಂದನ್ನು ತೆಗೆದುಕೊಂಡು ಬೀದಿ ದಾಟಿದೆ. ಕಾರು ಅವರ ಮನೆಯ ಮುಂದೆ ಜಾಕಿನ ಮೇಲೆ ನಿಂತಿತ್ತು. ಅಡಿಗೆ ನುಗ್ಗಿ, ಪೈಪು ಹೋಗಬೇಕಾದ ದಾರಿಯುದ್ದಕ್ಕೂ ತಂತಿಯನ್ನು ಬಗ್ಗಿಸುತ್ತ ಬಂದೆ. ಮೊದಲು ಕೆಳಕ್ಕೆ, ಆಮೇಲೆ ಹೊರಕ್ಕೆ, ಕೊನೆಗೆ ಹಿಂದಕ್ಕೆ. ಆ ತಂತಿಯೇ ಅಳತೆ. ಅದನ್ನು ತಂದು ಮಾವನ ಕೈಗೆ ಕೊಟ್ಟೆ.

ಅವರು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. “ಏನಮ್ಮ ಇದು, ಒಳಗಿಂದು ಹೊರಗೆ ಮಾಡಿ ತಂದಿದ್ದೀಯ?” ಅನ್ನುತ್ತ ಒಂದು ತಿರುವನ್ನು ಆಚೆಯಿಂದ ಈಚೆಗೆ ಹೊರಳಿಸಿದರು.

“ಅದು ಹಾಗೇ ಇರೋದು ಮಾವ.”

“ಅಜ್ಜಿಗೆ ಕೆಮ್ಮೋಕೆ ಕಲಿಸ್ಬೇಡ.”

ಕಣ್ಣು ಕಟ್ಟಿದರೂ ಪೈಪು ಬಗ್ಗಿಸುವ ಮನುಷ್ಯ, ನನಗೇ ಕಾರಿನಡಿಯ ಕತ್ತಲಲ್ಲಿ ದಿಕ್ಕು ತಪ್ಪಿರಬಹುದು ಅಂದುಕೊಂಡೆ.

ಶುಕ್ರವಾರ ನಮ್ಮ ಅಂಗಡಿಯಲ್ಲಿ ಫೋರ್ಡ್ ಸಂಘದವರ ಮಧ್ಯಾಹ್ನದ ಊಟ. ಹಿತ್ತಿಲ ಒಲೆಯಲ್ಲಿ ಕೆಂಡ, ಕೆಂಡದ ಮೇಲೆ ಪಕ್ಕೆಲುಬಿನ ಮಾಂಸ. ಅದರ ಪಕ್ಕದಲ್ಲೇ ತಗಡಿನ ಮೇಲೆ ಮಾವ ಮರಳು ಹುರಿದರು. ಮರಳಲ್ಲಿ ಒಂದು ಹನಿ ತೇವ ಉಳಿದರೂ ಬೆಂಕಿ ತಗುಲಿದಾಗ ಬಿರಡೆ ಗುಂಡಿನ ಹಾಗೆ ಹಾರುತ್ತದೆ. ಮರಳು ತುಂಬುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ, ಸದ್ದು ಟೊಳ್ಳಿನಿಂದ ಗಟ್ಟಿಗೆ ಬರುವ ತನಕ ಬಿಡಲಿಲ್ಲ. ನಾನು ಪೈಪಿಗೆ ಗ್ಯಾಸಿನ ಉರಿ ಹಿಡಿದೆ. ಪೈಪು ಕೆಂಪಾದಾಗ ಅವರು ಮಂಡಿ ನೋವನ್ನು ಮರೆತು ಎದ್ದು ನಿಂತು, ಮೈಯ ಭಾರವನ್ನೆಲ್ಲ ಮೆಲ್ಲಗೆ ಬಿಟ್ಟು ಅದನ್ನು ಬಗ್ಗಿಸಿದರು. ಒಂದು ಸುಕ್ಕಿಲ್ಲ, ಒಂದು ತಗ್ಗಿಲ್ಲ. ಅವರನ್ನು ದಿನಕ್ಕೆ ಹತ್ತು ಸಲ ಬೈಯುವ ನನಗೂ ಆಗ ಕೈ ಮುಗಿಯಬೇಕು ಅನ್ನಿಸಿತು.

ಪೈಪು ಆರಿದ ಮೇಲೆ ನಾನೂ ಯಾನಿನಾಳೂ ಎರಡು ಕಡೆ ಹಿಡಿದು ಬೀದಿ ದಾಟಿಸಿದೆವು. ಕಾರಿನಡಿ ಮಲಗಿ ಹೊಂದಿಸಲು ಹೋದರೆ ಕೂರಲಿಲ್ಲ. ತಿರುಗಿಸಿದೆ, ಕೂರಲಿಲ್ಲ. ಹಿಂದುಮುಂದು ಮಾಡಿದೆ. ಆಮೇಲೆ ಮಾವ ಹೊರಳಿಸಿದ ತಂತಿ ನೆನಪಾಯಿತು. ಪೈಪು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇತ್ತು. ಫೋರ್ಡ್ ಎಂಜಿನ್ನಿನ ಹೊಗೆ ಬಲಗಡೆ ಇಳಿಯುತ್ತದೆ, ಹೋತದ್ದು ಎಡಗಡೆ. ಆಯುಷ್ಯವಿಡೀ ಹೋತದ ಹೊಟ್ಟೆ ನೋಡಲ್ಲ ಅಂತ ನೇಮ ಹಿಡಿದ ಮನುಷ್ಯನಿಗೆ ಅದು ಗೊತ್ತಿರುವುದಾದರೂ ಹೇಗೆ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಅವರ ಕೈ ಕೆಂಡದ ಮುಂದೆ ನಿಂತು ಫೋರ್ಡಿಗೇ ಪೈಪು ಮಾಡಿಕೊಟ್ಟಿತ್ತು. ಆ ಅಗಲದ ಪೈಪು ಅಂಗಡಿಯಲ್ಲಿ ಇದ್ದದ್ದು ಅದೊಂದೇ.

ಪೈಪು ಹೊತ್ತು ವಾಪಸು ಬಂದೆವು. ಅಷ್ಟರಲ್ಲಿ ಸಂಘದವರು ಬಂದು ಬೆಂಚು ಹಿಡಿದಿದ್ದರು.

“ಮಾವ, ನೀವು ಇದನ್ನ ಫೋರ್ಡಿಗೆ ಮಾಡಿದ್ದೀರಿ,” ಎಂದೆ.

ಅವರು ಬಾಯಿ ತೆರೆಯುವ ಮೊದಲೇ ಬೆಟೊ ತೊಡೆ ತಟ್ಟಿ ಎದ್ದ. ಬೆಟೊ ಊರ ಕ್ಷೌರಿಕ, ಸಂಘದ ಅಧ್ಯಕ್ಷ, ಕತ್ತರಿಗಿಂತ ನಾಲಿಗೆ ಹರಿತ. “ಭೇಷ್ ಡಾನ್ ಫೆರ್ಮಿನ್! ಹೋತಕ್ಕೆ ಎಂಥಾ ಮೂಗುದಾರ ಹಾಕಿದ್ರಿ! ಮಾಡ್ಕೊಡ್ತೀನಿ ಅಂತ ಹೇಳಿ ಉಲ್ಟಾ ಮಾಡ್ಕೊಟ್ರಲ್ಲ! ಆ ಮುದುಕ ತೆಯೋಫಿಲೊ ಗೋರಿಯಲ್ಲಿ ಹೊರಳಾಡ್ತಿರ್ಬೇಕು!” ಉಳಿದವರೂ ಲೋಟ ಎತ್ತಿ ನಕ್ಕರು.

ಯಾನಿನಾ ಹೊಸಿಲಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಈ ಸಲ ಅಳಲಿಲ್ಲ. “ಬೇಕೂಂತಲೇ ಮಾಡಿದ್ರಾ ಅಜ್ಜ?” ಎಂದು ಕೇಳಿದಳು, ಅಷ್ಟೆ.

ಮಾವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಅವರನ್ನು ಹಠಮಾರಿ ಅನ್ನಿ, ಒರಟ ಅನ್ನಿ, ತಮ್ಮ ಕೆಲಸದಲ್ಲಿ ಮೋಸ ಮಾಡಿದರು ಅಂತ ಇದುವರೆಗೆ ಯಾರೂ ಅಂದಿರಲಿಲ್ಲ. ಸ್ನೇಹಿತರು ಅದನ್ನೇ ಹೊಗಳಿಕೆ ಮಾಡಿ ಕೊಡುತ್ತಿದ್ದರು.

ಅವರು ಗರಗಸವನ್ನು ಕಂಕುಳಿಗೆ ಸಿಕ್ಕಿಸಿ, ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು, ಪೈಪನ್ನು ಹೆಗಲಿಗೇರಿಸಿದರು.

“ಎಲ್ಲಿಗೆ ಹೊರಟ್ರಿ? ಮಾಂಸ ಆಗ್ತಾ ಬಂತು,” ಎಂದ ಬೆಟೊ.

“ಎದುರು ಮನೆಗೆ.”

ನಗು ನಿಂತಿತು. ಮಾವ ಹೊಸಿಲು ದಾಟಿದರು. ಬೇಕರಿಯವಳು ಹೊರಗೆ ಬಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಸಂಘದವರು ಕೊರಳಿಗೆ ಸಿಕ್ಕಿಸಿದ ಕರವಸ್ತ್ರದ ಸಮೇತ ಬಾಗಿಲಿಗೆ ಬಂದರು. ಬೀದಿಯ ನಡುವೆ ಮಾವ ಒಂದು ಗಳಿಗೆ ನಿಂತರು. ಮಂಡಿ ಹಿಡಿಯಿತೇನೋ ಅಂತ ನಾನು ಓಡಿದೆ. ಮಂಡಿಯಲ್ಲ. ಕೈ ಅಡ್ಡ ಮಾಡಿ ನನ್ನನ್ನು ತಡೆದು, ಮುಂದೆ ನಡೆದರು.

ಯಾನಿನಾಳ ತಾಯಿ ಒಳಗಿನಿಂದ ಹಾಸಿಗೆ ತಂದು ಕಾರಿನ ಪಕ್ಕ ಹಾಸಿದಳು. ನಾವಿಬ್ಬರೂ ಹಿಡಿದು ಮಾವನನ್ನು ಮಲಗಿಸಿ ಒಳಕ್ಕೆ ಸರಿಸಿದೆವು. ಹೊರಗೆ ಕಾಣುತ್ತಿದ್ದದ್ದು ಅವರ ಬೂಟುಗಳು ಮಾತ್ರ.

“ಇಲ್ಲೊಂದು ಬೆಸುಗೆ ಇದೆ,” ಎಂದು ಕಾರಿನಡಿಯಿಂದ ದನಿ ಬಂತು. “ಯಾರು ಮಾಡಿದ್ದು?”

“ತಾತ,” ಎಂದಳು ಯಾನಿನಾ. “ಊರಲ್ಲಿ ಮಾಡೋರು ಯಾರೂ ಇರ್ಲಿಲ್ವಲ್ಲ.”

“ಕೋಳಿ ಕೆದರಿದ ಹಾಗಿದೆ.” ಟಕಟಕ ತಟ್ಟಿ ನೋಡಿ, “ಆದ್ರೂ ಹಿಡ್ಕೊಂಡಿದೆ, ಬಡ್ಡೀಮಗಂದು,” ಎಂದರು.

ಆಮೇಲೆ ನೋಡಿದರೆ ಬೂಟುಗಳು ನಡುಗುತ್ತಿದ್ದವು. ನಮ್ಮ ಮಾವ ತೆಯೋಫಿಲೊನ ಕಾರಿನ ಕೆಳಗೆ ಮಲಗಿ ಅಳುತ್ತಿದ್ದರು. ಯಾನಿನಾಳ ತಾಯಿ ಸೆಖೆ ಸೆಖೆ ಅನ್ನುತ್ತ ಕಣ್ಣು ಒರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ, ಯಾರು ನೋಡಿದರೆ ನನಗೇನು.

ಸ್ವಲ್ಪ ಹೊತ್ತಿನಲ್ಲಿ ಹಳೆಯ ದನಿ ಮರಳಿತು. “ಓಫೆ! ಅಲ್ಲೇನು ಜಾತ್ರೆ ನೋಡ್ತಿದ್ದೀಯಾ? ಎರಡು ತಿರುವಿನ ನಡುವೆ ಪೈಪನ್ನ ಕೊಯ್ಯಿ. ನೆಟ್ಟಗೆ ಕೊಯ್ಯಬೇಕು, ನಿನ್ನ ಬಾಯಿ ಹಾಗೆ ಸೊಟ್ಟಗಲ್ಲ.”

ಕೊಯ್ದೆ. ಆಗಲೇ ನನಗೆ ಅವರ ಉಪಾಯ ಹೊಳೆದದ್ದು. ಎರಡು ತುಂಡು ಮಾಡಿ ಹಿಂದಿನ ತುಂಡನ್ನು ಮಗ್ಗುಲು ಹೊರಳಿಸಿದರೆ ಬಲದ ಪೈಪು ಎಡದ್ದಾಗುತ್ತದೆ. ಆದರೆ ಎಷ್ಟು ಹೊರಳಿಸಬೇಕು ಅನ್ನುವುದು ಕಾರಿನಡಿಯಲ್ಲಿ, ಅದರ ಜಾಗದಲ್ಲೇ ಹಿಡಿದು ನೋಡಿದವರಿಗೆ ಮಾತ್ರ ಗೊತ್ತಾಗುವುದು. ಮುಂದಿನ ತುಂಡನ್ನು ಎಂಜಿನ್ನಿಗೆ ಕಚ್ಚಿಸಿ ಯಾನಿನಾ ಹಿಡಿದಳು, ಹಿಂದಿನದು ನನ್ನ ಕೈಯಲ್ಲಿ.

“ತಿರುಗಿಸು. ಇನ್ನೂ. ಇನ್ನೂ ಸ್ವಲ್ಪ ಕಣೇ... ಅಯ್ಯೋ, ಜಾಸ್ತಿ ಆಯ್ತು, ವಾಪಸ್ ಬಾ. ಹಾಂ. ಉಸಿರು ಬಿಡ್ಬೇಡಿ ಇಬ್ರೂ.” ಎರಡೂ ತುಂಡಿಗೆ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು.

ವೆಲ್ಡಿಂಗ್ ಯಂತ್ರವನ್ನು ಬೀದಿಗೇ ಎಳೆದು ತಂದು, ಗೆರೆಗೆ ಗೆರೆ ಕೂಡಿಸಿ ಬೆಸೆದೆ. ಮಾವ ಹಾಸಿಗೆಯ ಮೇಲೆ ಒರಗಿಕೊಂಡು ನೋಡಿದರು, ಕೊಂಕು ತೆಗೆಯಲಿಲ್ಲ. ಪೈಪನ್ನು ಮೇಲೆತ್ತಿ ಕೂರಿಸಿದರೆ ಒರೆಗೆ ಕತ್ತಿ ಹೋದ ಹಾಗೆ ಕೂತಿತು. ಕ್ಲಾಂಪು ಬಿಗಿದು ಎಂಜಿನ್ ಎಬ್ಬಿಸಿದಾಗ ಬೀದಿಯ ಕಿಟಕಿಗಳೆಲ್ಲ ಗಡಗಡಿಸಿದವು. ಮಾವ ಬೆಸುಗೆಯ ಸುತ್ತ ಅಂಗೈ ಆಡಿಸಿ, ಎಲ್ಲೂ ಗಾಳಿ ಸೋರುವುದಿಲ್ಲ ಅಂತ ತಲೆಯಾಡಿಸಿದರು. ನಾವು ಅಂಗಡಿಗೆ ಮರಳುವಾಗ ಸಂಘದವರು ಹೊರಟುಹೋಗಿದ್ದರು. ಮಾಂಸ ಸೀದು ಇದ್ದಿಲಾಗಿತ್ತು.

ಭಾನುವಾರ ಟ್ರ್ಯಾಕಿಗೆ ಹೋದಾಗ ಮಾವ ತಲೆಗೆ ಸಂಘದ ನೀಲಿ ಟೋಪಿ ಇಟ್ಟು ಫೋರ್ಡಿನವರ ಕಟ್ಟೆಯ ಕಡೆಗೇ ನಡೆದರು.

“ಇಲ್ಲಿ ಜಾಗ ಇಲ್ಲ ಡಾನ್ ಫೆರ್ಮಿನ್. ಹೋತದವರ ಕಡೆ ನೆರಳಿದೆ, ಹೋಗಿ,” ಎಂದ ಬೆಟೊ.

“ಬೆಟೊ, ನಿನ್ನ ಅಂಡು ಎರಡು ಸೀಟು ಹಿಡಿದಿದ್ರೆ ಜಾಗ ಎಲ್ಲಿರುತ್ತೆ?” ಎಂದು ನಾನು ನಡುವೆ ನುಗ್ಗಿ ಮಾವನನ್ನು ಕೂರಿಸಿದೆ. ಯಾರೂ ಅವರ ಜೊತೆ ಮಾತಾಡಲಿಲ್ಲ.

ಯಾನಿನಾಗೆ ಗೆಲ್ಲುವುದು ಬೇಕಿರಲಿಲ್ಲ, ಕೊನೆ ಮುಟ್ಟಿದರೆ ಸಾಕಿತ್ತು. ಬಿಳಿ ಕಾರು ಎದುರು ಹಾದುಹೋದಾಗಲೆಲ್ಲ ಮಾವ ಕಣ್ಣು ಮುಚ್ಚಿ ಕಿವಿ ಕೊಡುತ್ತಿದ್ದರು. ಸದ್ದು ಒಡೆದರೆ ಪೈಪು ಬಿಟ್ಟಿತು ಅಂತ ಅರ್ಥ. ನನ್ನ ಬೆಸುಗೆ ಅದು, ನಾನೂ ಸುತ್ತು ಸುತ್ತಿಗೆ ಕಿವಿ ಕೊಟ್ಟೆ. ಅರ್ಧ ರೇಸು ಕಳೆದಿತ್ತು. ಸಂಘದವರ ಸ್ವಂತ ಫೋರ್ಡನ್ನು ಓಡಿಸುತ್ತಿದ್ದ ಬೆಟೊನ ಅಳಿಯ ರೋಲೊ ಯಾನಿನಾಳನ್ನು ಹಿಂದೆ ಹಾಕುವ ಅವಸರದಲ್ಲಿ ತಿರುವಿಗೆ ಜೋರಾಗಿ ನುಗ್ಗಿ, ಗಿರಗಿರನೆ ತಿರುಗಿ, ಬೇಲಿ ಮುರಿದು ಸೂರ್ಯಕಾಂತಿ ಹೊಲದ ನಡುವೆ ನಿಂತ. ನಮ್ಮ ಕಟ್ಟೆಯಲ್ಲಿ ಸೂತಕ. ಬಿಳಿ ಕಾರು ಅದೇ ತಿರುವನ್ನು ಅಳೆದು ಸುರಿದ ಹಾಗೆ ದಾಟಿತು. ಕೊನೆಯ ಸುತ್ತಿನಲ್ಲೂ ದಾಟಿತು. ಹನ್ನೊಂದನೆಯವಳಾಗಿ ಅವಳು ಗೆರೆ ಮುಟ್ಟಿದಾಗ ಮಾವ ಕಣ್ಣು ತೆರೆದು, ಉಸಿರು ಬಿಟ್ಟರು.

ಸ್ವಲ್ಪ ಹೊತ್ತಿಗೆ ಯಾನಿನಾ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ಲೈಸೆನ್ಸು ಕೈಯಲ್ಲಿ ಹಿಡಿದು, ಫೋರ್ಡಿನವರ ಕಟ್ಟೆಗೆ ಬಂದಳು. ಯಾರೋ ಮೇಕೆಯ ಹಾಗೆ ಕೂಗಿದರು. ಅವಳು ನೇರ ಮಾವನ ಮುಂದೆ ಬಂದು ನಿಂತಳು. ಬಾಗಿ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು.

“ಇನ್ನು ನೀನು ಯಾರ ಗಾಡಿ ಬೇಕಾದ್ರೂ ಓಡಿಸ್ಬಹುದಾ?” ಎಂದು ಮಾವ ಕೇಳಿದರು.

“ಹೂಂ ಅಜ್ಜ. ಕೊಡೋರು ಇದ್ರೆ.”

ಮಾವ ಬೆಟೊ ಕಡೆ ತಿರುಗಿದರು. ಆಚೆ ಟ್ರ್ಯಾಕ್ಟರೊಂದು ಸಂಘದ ಫೋರ್ಡನ್ನು ಹೊಲದಿಂದ ಎಳೆಯುತ್ತಿತ್ತು, ಬಾಗಿಲಿಗೆ ಸೂರ್ಯಕಾಂತಿ ಹೂವೊಂದು ಸಿಕ್ಕಿಕೊಂಡಿತ್ತು. “ಮುಂದಿನ ವರ್ಷ ಆ ಗಾಡೀನ ರಸ್ತೆ ಮೇಲೆ ಇಡೋರು ಯಾರಾದ್ರೂ ಬೇಕಲ್ವೇನೋ?”

ಬೆಟೊ ಕೆಂಪಾದ. “ತಲೆ ಕೆಟ್ಟಿದೆಯಾ ನಿಮಗೆ? ಅವಳು ಹೋತದ ಮನೆಯವಳು!”

“ಅವಳು ನಮ್ಮ ಎದುರು ಮನೆಯವಳು,” ಎಂದರು ಮಾವ.

ಯಾನಿನಾ ಹಿಂತಿರುಗಿ, ಜನವರಿಯಿಂದ ಅಣ್ಣನದಾಗಲಿರುವ ಬಿಳಿ ಕಾರನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಹೊಲದ ಕಡೆ ನೋಡಿದಳು.

“ಸೀಟು ಮುಂದಕ್ಕೆ ತರಿಸ್ಬೇಕು,” ಎಂದಳು. “ರೋಲೊನ ಕಾಲು ಉದ್ದ.”

ಅವರಮ್ಮ, ಇವರಮ್ಮ, ಫೋರ್ಡು, ಹೋತ, ಸೂರ್ಯಕಾಂತಿ ಎಲ್ಲವನ್ನೂ ಸೇರಿಸಿ ಬೆಟೊ ಬೈದ. ಬೈದು ಮುಗಿದ ಮೇಲೆ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು, ಅವಳು ಕೂರುವಷ್ಟು ಜಾಗ ಮಾಡಿದ.